ಗಿರಿಜಾ ಮುರಿಯದ ಪಥ್ಯ

ಮಾಲೆ ಹಾಕಿದ ಫೋಟೊದಲ್ಲಿ ಗಿರಿಜಾ ನಗುತ್ತಿದ್ದಳು. ಕೈಯಲ್ಲಿ ಬಿಳಿ ಗುಳಿಗೆಗಳ ಪುಟ್ಟ ಸೀಸೆ. ಮಂಗನ ಕಾಯಿಲೆಯ ಲಸಿಕೆ ಹಾಕಲು ಕೆರೆಕಟ್ಟೆ ಕಡೆಯ ಅವಳ ಮನೆಗೆ ಹೋಗಿದ್ದ ನಾನು, ಸರ್ಕಾರಿ ನರ್ಸ್, ಚೀಲ ಕೆಳಗಿಡುವುದನ್ನೂ ಮರೆತು ನಿಂತೆ.

ಹಿಂದಿನ ವರ್ಷ ಹೊರದೇಶದ ಸೇವಾ ಸಂಸ್ಥೆಯೊಂದು ಶಾಲೆಯಲ್ಲಿ ಶಿಬಿರ ನಡೆಸಿ, ಈ ಕಾಯಿಲೆ ಬಾರದಂತೆ ತಡೆಯುತ್ತವೆಂದು ಆ ಸಿಹಿ ಗುಳಿಗೆಗಳನ್ನು ಪುಕ್ಕಟೆ ಹಂಚಿತ್ತು. ಲಸಿಕೆ ಹಾಕಿಸಿಕೊಂಡರೆ ತೋಳು ಊದಿ ಕೂಲಿ ತಪ್ಪುತ್ತದೆ. ಗುಳಿಗೆಗೆ ಆ ಕಷ್ಟವಿಲ್ಲ. ಗಿರಿಜಾ ನನ್ನನ್ನು ಬಾಗಿಲಿನಿಂದಲೇ ಕಳುಹಿಸಿದ್ದಳು. ಬೇಸಿಗೆಯಲ್ಲಿ ಅದೇ ಜ್ವರಕ್ಕೆ ತೀರಿಕೊಂಡಳು.

"ಕಾಡಿಗೆ ಹೋಗುವಾಗ ಈ ಜ್ವರ ಹರಡೋ ಉಣುಗು ಕಚ್ಚದ ಹಾಗೆ ಎಣ್ಣೆ ಕೊಟ್ಟಿದ್ನಲ್ಲ, ಅದನ್ನಾದ್ರೂ ಹಚ್ಕೊಳ್ತಿದ್ಲಾ?" ಎಂದು ಅವಳ ಗಂಡನನ್ನು ಕೇಳಿದೆ.

"ಇಲ್ಲ ಅಕ್ಕಾ. ಘಾಟು ವಾಸನೆ ತಾಗಿದ್ರೆ ಗುಳಿಗೆ ಕೆಲಸ ಮಾಡಲ್ಲ ಅಂತ ಶಿಬಿರದೋರು ಅಂದಿದ್ರು. ಪಥ್ಯ ಇರೋ ಮದ್ದು ಗಟ್ಟಿ ಅಂತ ಇವಳು ನಂಬಿದ್ಲು. ಕಾಫೀನೂ ಬಿಟ್ಲು, ಎಣ್ಣೇನೂ ಮುಟ್ಲಿಲ್ಲ. ಹಂಗೇ ದರಗೆಲೆ ಗುಡಿಸಕ್ಕೆ ಕಾಡಿಗೆ ಹೋಗ್ತಿದ್ಲು."

ಆ ಫೋಟೊ, ಸಂಸ್ಥೆ ತನ್ನ ಸೇವೆಯ ಪ್ರಚಾರಕ್ಕೆ ಅಚ್ಚು ಹಾಕಿಸಿದ ಕ್ಯಾಲೆಂಡರಿನದು. ಅವಳು ಸತ್ತ ಮೇಲೆ ಟಪಾಲಿನಲ್ಲಿ ಬಂದದ್ದು. ಅವಳದ್ದು ಬೇರೆ ಫೋಟೊ ಇಲ್ಲದ್ದರಿಂದ ಗಂಡ ತಾರೀಖುಗಳನ್ನು ಕತ್ತರಿಸಿ ಕಟ್ಟು ಹಾಕಿಸಿದ್ದ. ಆ ಸೀಸೆಯನ್ನೂ ಕತ್ತರಿಸಿಬಿಡು ಎನ್ನಲು ಬಾಯಿ ತೆರೆದೆ. ಹಾಗೆ ಮಾಡಿದರೆ ಅವಳ ಕೈಯೂ ಹೋಗುತ್ತಿತ್ತು.