ಸಜ್ಜೆಯ ಮೇಲೆ ಹಾಯಿಸಿದ ಕಾರು

ಕಾರು ತಾನೇ ಓಡುವ ಕಾಲ ಬರುತ್ತದೆಂದು ನನಗೆ ಮೊದಲು ಹೇಳಿದವರು ನಮ್ಮ ಭಾವ, ಗಂಡನ ಅಣ್ಣ. ವಿಜ್ಞಾನದ ಮೇಲಿನ ಪ್ರೀತಿಯಿಂದ ಹೇಳಿದ್ದಲ್ಲ, ನನಗೆ ಕೀಲಿಕೈ ಕೊಡಬಾರದೆಂದು ಹೇಳಿದ್ದು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ನಾವು ಬಸವನ ಬಾಗೇವಾಡಿಯಲ್ಲಿದ್ದೆವು. ನಾನು ಗೊಳಸಂಗಿ ಕಡೆಯ ಶಾಲೆಯೊಂದರಲ್ಲಿ ಕಲಿಸುತ್ತಿದ್ದೆ. ಗಂಡನಿಗೆ ಇಂಡಿಯಲ್ಲಿ ನೌಕರಿ, ವಾರಕ್ಕೊಮ್ಮೆ ಬರುತ್ತಿದ್ದರು. ಅವರು ಕೊಂಡ ಹಳೆಯ ಕಾರು ಬೇವಿನ ಗಿಡದ ಕೆಳಗೆ ಕಾಗೆಗಳಿಂದ ಬಣ್ಣ ಬಳಿಸಿಕೊಳ್ಳುತ್ತ ನಿಂತಿರುತ್ತಿತ್ತು; ನಾನು ಬಸ್ಸಿಗಾಗಿ ನಿಂತಿರುತ್ತಿದ್ದೆ. ಮುದ್ದೇಬಿಹಾಳದ ತವರಿನಲ್ಲಿ ಅಣ್ಣನ ಜೀಪು ಓಡಿಸಿ ಲೈಸೆನ್ಸ್ ಪಡೆದುಕೊಂಡೇ ಬಂದವಳು ನಾನು. ಆದರೂ ಕೀಲಿಕೈ ನಮ್ಮ ಜೊತೆಗೇ ಇದ್ದ ಭಾವನವರ ಜೇಬಿನಲ್ಲಿ.

"ಯಾಕ ಅವಸರ ಮಾಡ್ತೀಯವಾ? ಪೇಪರ್‌ನ್ಯಾಗ ಬಂದೈತಿ, ಇನ್ನ ಕಾರು ತಾವ ಓಡ್ತಾವಂತ. ಅಲ್ಲೀತನಕ ತಡಿ."

"ಅಲ್ಲೀತನಕ ಸಾಲಿ ಮಕ್ಕಳು ಕಾಯ್ತಾವೇನ್ರಿ?" ಎಂದೆ. ನಕ್ಕುಬಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ. ಮೈಯೆಲ್ಲ ಉರಿಯಿತು.

ಆ ಸಲ ಮಳೆ ಹೊಳವಾಗಿ ಬಿಸಿಲು ಬಿದ್ದ ಮೇಲೆ, ಗಂಡ ಬಾರದ ಒಂದು ಭಾನುವಾರ, ಭಾವ ಮತ್ತು ನಾನು ನೆಂಟರ ಮನೆಗೆಂದು ತಾಳಿಕೋಟೆಗೆ ಹೊರಟೆವು. ಓಡಿಸುವವರು ಭಾವ. ದಾರಿಯಲ್ಲಿ ಡಾಂಬರಿನ ತುಂಬ ಸಜ್ಜೆಯ ತೆನೆ ಹಾಸಿದ್ದರು. ನಮ್ಮ ಕಡೆ ಇದು ಹೊಸದಲ್ಲ. ಗಾಡಿಗಳ ಗಾಲಿ ಹಾಯ್ದಷ್ಟೂ ಕಾಳು ಉದುರುತ್ತದೆ. ಪುಣೆಯಲ್ಲಿ ವರ್ಷಗಟ್ಟಲೆ ಇದ್ದು ಬಂದ ಭಾವ, ಉಣ್ಣುವ ಕಾಳನ್ನು ತುಳಿಯಬಾರದೆಂದು ಕಾರನ್ನು ಬದಿಗೆ ಇಳಿಸಿದರು. ಬದಿಯ ಎರೆಮಣ್ಣು ಇನ್ನೂ ಹಸಿ. ಗಾಲಿ ಹೂತಿತು.

"ಅಯ್ಯ, ಬದಿಗ್ಯಾಕ ಇಳಿಸಿದ್ರಿ? ನಿಮ್ಮ ಗಾಲಿ ಹಾಯ್ಲಿ ಅಂತನ ಹಾಸೀವಿ!" ಸಜ್ಜೆಯ ಒಡತಿ ಕೂಗಿದಳು.

ಭಾವ ಇಳಿದು ಅವಳ ಮನೆಯವರ ಜೊತೆ ದಬ್ಬಲು ನಿಂತರು. ಸ್ಟೇರಿಂಗ್ ಹಿಡಿಯಲು ಯಾರಾದರೂ ಬೇಕಲ್ಲ? ನಾನು ಆ ಸೀಟಿಗೆ ಸರಿದೆ. ಕಾರು ಮೇಲೆ ಬಂದದ್ದೇ ತಡ, ಸಜ್ಜೆಯ ಮೇಲೆ ನಿಧಾನವಾಗಿ ಹಾಯಿಸಿದೆ. "ಇನ್ನೊಂದ ಸಲ ಹಾಯ್ಸವಾ!" ಎಂದು ಆಕೆ ಕೈ ಬೀಸಿದಳು. ಹಿಂದಕ್ಕೆ ತಂದು ಮತ್ತೆ ಹಾಯಿಸಿದೆ. ಅಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ.

ಈಗ ತಾನೇ ಓಡುವ ಕಾರುಗಳನ್ನು ಮೊಬೈಲಿನಲ್ಲಿ ನೋಡುತ್ತೇನೆ. ಗೆರೆ ಎಳೆದ ರಸ್ತೆಯಲ್ಲಿ ಸರಾಗ ಹೋಗುತ್ತವೆ. ದಾರಿ ತುಂಬ ಬೆಳೆ ಹಾಸಿದ್ದರೆ ಮಾತ್ರ ಅಡ್ಡಿ ಎಂದು ನಿಂತಾವು. ಬಾ ಎಂದು ಬೀಸಿದ ಕೈಯನ್ನು ನಿಲ್ಲು ಎಂದುಕೊಂಡಾವು. ಕಲಿಯಲಾರವು ಎನ್ನುವ ಮೊಂಡುತನ ನನಗಿಲ್ಲ. ಕಲಿಯಲಿ, ಸಿಂದಗಿ ರಸ್ತೆಯ ತಗ್ಗುಗಳನ್ನೂ ಕಲಿಯಲಿ. ಕಣ್ಣು ಮಂಜಾದ ದಿನ ನಾನೇ ಮೊದಲು ಹತ್ತಿ ಕೂರುತ್ತೇನೆ. ನನ್ನ ಸಿಟ್ಟು ಯಂತ್ರದ ಮೇಲಲ್ಲ. ನಾಳೆಯ ಯಂತ್ರ ತೋರಿಸಿ ಇವತ್ತಿನ ಹೆಂಗಸಿನ ಕೈ ಕಟ್ಟುವವರ ಮೇಲೆ.

ಅಂದು ಭಾವ ಕೆಸರು ಕಾಲಲ್ಲೇ ನನ್ನ ಬಾಗಿಲಿಗೆ ಬಂದರು. "ಸಾಕಿನ್ನ, ಇಳಿ. ನಾ ಗಾಡಿ ಹೊಡೀತೇನಿ."

"ಇಳಿಯಂಗಿಲ್ರಿ. ತಾಳಿಕೋಟಿ ಇನ್ನೂ ದೂರ ಐತಿ, ಹತ್ರಿ."

ಸಜ್ಜೆಯವರೆಲ್ಲ ನೋಡುತ್ತಿದ್ದರು. ಭಾವ ಸುತ್ತಿ ಬಂದು ಪಕ್ಕದಲ್ಲಿ ಕುಳಿತರು. ಸೋಮವಾರ ಶಾಲೆಗೆ ಕಾರಿನಲ್ಲೇ ಹೋದೆ. ಕೀಲಿಕೈಯನ್ನು ಅವರು ಮತ್ತೆ ಕೇಳಲಿಲ್ಲ. ಕೇಳಿದ್ದರೂ ನಾನು ಕೊಡುತ್ತಿರಲಿಲ್ಲ.