ಗೇಟಿನ ಒಳಗಿಟ್ಟ ನೀರು

ನಮ್ಮ ಯಜಮಾನರು ಪಂಚಾಯಿತಿ ಚುನಾವಣೆಗೆ ನಿಂತ ವರ್ಷ ಒಂದು ಇಂಗ್ಲಿಷ್ ಮಾತು ಕಲಿತು ಬಂದರು. ಸಕಲೇಶಪುರದಲ್ಲಿ ದೊಡ್ಡ ಎಸ್ಟೇಟಿನವರೊಬ್ಬರು ಹೇಳಿಕೊಟ್ಟಿದ್ದಂತೆ. ಚಪ್ಪಲಿ ಬಿಡುವ ಮೊದಲೇ, "ನಾನು ಕನ್ಸರ್ವೇಟಿವ್ ಕಣೇ" ಅಂದರು.

"ಹಂಗಂದ್ರೆ?"

"ಹಿರೀಕರು ಬಿಟ್ಟು ಹೋಗಿದ್ದನ್ನ ಹಾಳಾಗದಂಗೆ ಕಾಪಾಡೋನು. ಹೊಸದು ಬಂತು ಅಂತ ಕುಣಿಯೋನಲ್ಲ. ನನ್ನ ರಾಜಕೀಯ ಇಷ್ಟೇ."

ನನಗೆ ಸಂತೋಷವೇ ಆಯಿತು. ನಾನೂ ಅಂಥವಳೇ. ಸ್ನಾನ, ವಿಭೂತಿ, ಲಿಂಗಪೂಜೆ ಆಗದೆ ಒಂದು ಹನಿ ಕಾಫಿ ನಾಲಿಗೆಗೆ ಇಟ್ಟವಳಲ್ಲ. ಗಂಡ ಕುಡಿಯುವವರಲ್ಲ, ಕೈ ಎತ್ತುವವರಲ್ಲ. ಮಕ್ಕಳು ಆರೋಗ್ಯವಾಗಿವೆ. ಇದಕ್ಕಿಂತ ಹೆಚ್ಚು ಶಿವನನ್ನು ಕೇಳಿದರೆ ದುರಾಸೆ ಅಂದುಕೊಂಡು ಬದುಕಿದವಳು.

ಆದರೆ ಹಿರೀಕರು ಬಿಟ್ಟಿದ್ದನ್ನು ಕಾಪಾಡುವುದು ಅಂದರೆ ನನ್ನ ಕಣ್ಣಿಗೆ ಕಟ್ಟುತ್ತಿದ್ದುದು ನಮ್ಮ ಅತ್ತೆ. ಗಟ್ಟಿ ಹೆಂಗಸು, ಮೃದುವಲ್ಲ. ತೋಟದ ಕೆಲಸದವರಿಗೆ ಕಾಫಿ ಕೊಡುವ ಲೋಟ ಹಿತ್ತಿಲ ಗೂಡಿನಲ್ಲಿ ಬೇರೆ ಇಡುತ್ತಿದ್ದರು. ಕುಡಿದವರು ತೊಳೆದು ಬೋರಲು ಹಾಕದಿದ್ದರೆ ಅವರ ತಾಯಿಯವರೆಗೂ ಬೈಯುತ್ತಿದ್ದರು. ಅದು ತಪ್ಪು ಅಂತ ನನಗೆ ಅನ್ನಿಸಿದ್ದುಂಟು. ಬಾಯಿಬಿಟ್ಟು ಹೇಳಿದ್ದಿಲ್ಲ.

ಅದೇ ಅತ್ತೆ, ಕೆಳಗಿನ ಕಾಲೋನಿಯಲ್ಲಿ ಸಾವಾಯಿತು ಅಂತ ತಮಟೆ ಕೇಳಿದರೆ ಒಲೆ ಆರಿಸುತ್ತಿದ್ದರು. ಕಾಲೋನಿಯಿಂದ ಹಳ್ಳದ ದಡದ ಮಸಣಕ್ಕೆ ದಾರಿ ನಮ್ಮ ತೋಟದೊಳಗೇ. ಹೆಣ ಹೊತ್ತವರು ಕಾಫಿ ಗಿಡಗಳ ನಡುವೆ ಕಾಲು ಗಂಟೆಯಲ್ಲಿ ದಾಟುತ್ತಿದ್ದರು. ತೋಟದ ಬಾಯಲ್ಲಿ ಅತ್ತೆ ಒಂದು ಕೊಡ ನೀರು, ಒಂದು ದೀಪ ಇಟ್ಟು ಕಾಯುತ್ತಿದ್ದರು. ಹೊತ್ತವರು ಚಟ್ಟ ಇಳಿಸಿ ನೀರು ಕುಡಿದು ಮುಂದೆ ಹೋದ ಮೇಲೇ ನಮಗೆ ಊಟ. ಮಳೆಗಾಲದಲ್ಲಿ ಒಮ್ಮೆ ಹೆಣ ಎತ್ತುವುದು ತಡವಾಗಿ, ಸಂಜೆ ನಾಲ್ಕು ಗಂಟೆವರೆಗೆ ಮನೆಮಂದಿಯೆಲ್ಲ ಉಪವಾಸ. ನಮ್ಮ ಯಜಮಾನರು ಗೊಣಗಿದ್ದಕ್ಕೆ ಅತ್ತೆ, "ಅವ್ರು ಹೊತ್ಕೊಂಡು ಹೋಗ್ತಾರೆ, ನಿಂಗೆ ಕೂತ್ಕೊಂಡಿರೋಕೆ ಕಷ್ಟನಾ?" ಅಂದಿದ್ದರು.

ಅತ್ತೆ ತೀರಿಕೊಂಡ ಮೇಲೆ ನಾವು ಹೋಮ್‌ಸ್ಟೇ ಮಾಡಿದೆವು. ಆ ದಾರಿಯ ಪಕ್ಕದಲ್ಲೇ ಎರಡು ಕಾಟೇಜು. ಬೆಂಗಳೂರಿನವರು ಜಗಲಿಯಲ್ಲಿ ಕೂತು ತಿಂಡಿ ತಿನ್ನುವಾಗ ಎದುರಿಗೆ ಹೆಣ ಹೋದರೆ ಆಗುತ್ತದೆಯೇ? ಯಜಮಾನರು ತೋಟದ ಬಾಯಿಗೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿದರು. ಕಾಲೋನಿಯವರಿಗೆ ಟಾರ್ ರಸ್ತೆ ಹಿಡಿದು, ಕೆರೆ ಬಳಸಿ, ಆನೆ ತಿರುಗುವ ಕಾಡಂಚಿನಲ್ಲಿ ಹೋಗುವ ದಾರಿ ಉಳಿಯಿತು. ಒಂದೂವರೆ ಗಂಟೆಯ ನಡಿಗೆ.

ಗೇಟು ಹಾಕಿದ ದಿನ ನನಗೆ ಬಾಣಂತನ ಮಾಡಿದ ಮುದುಕಿ ಹಿತ್ತಿಲಿಗೆ ಬಂದಳು. ನನ್ನ ಎರಡೂ ಮಕ್ಕಳನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆದವಳು. ಎದೆಹಾಲು ಕಟ್ಟಿ ನಾನು ಅಳುವಾಗ ರಾತ್ರಿಯೆಲ್ಲ ಶಾಖ ಕೊಟ್ಟವಳು.

"ಅಮ್ಮೋರೆ, ನಿಮ್ಮ ಸಾವ್ಕಾರ್ರು ಇನ್ನೊಂದ್ ನಾಕ್ ವರ್ಷ ತಡೀಬಾರ್ದಿತ್ತಾ? ನನ್ನೊಬ್ಬಳ್ನ ಕಳಿಸ್ಬುಟ್ಟು ಬೀಗ ಹಾಕ್ಬೋದಿತ್ತು" ಅಂದು ಬೊಚ್ಚು ಬಾಯಿ ಬಿಟ್ಟು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನನ್ನ ಗಂಡ, ನನ್ನ ಸಣ್ ಮಗ ಇಬ್ರೂ ಈ ದಾರೀಲೇ ಹೋದ್ರು. ನನ್ನೂ ಇಲ್ಲೇ ಕಳ್ಸಿ" ಅಂದಳು.

ನಾನು ಕೊರಳಿನ ಲಿಂಗ ಮುಟ್ಟಿದೆ. "ಆಗ್ಲಿ, ನಾನಿದೀನಿ" ಅಂದೆ. ಅವಳು ಆಣೆ ಕೇಳಿರಲಿಲ್ಲ, ನಾನಾಗಿಯೇ ಮಾಡಿದ್ದು.

ಪ್ರಚಾರದ ನಡುವೆ ಅವಳು ಸತ್ತಳು. ಯಜಮಾನರು ಆನೇಮಹಲ್ ಕಡೆ ಹೋಗಿದ್ದರು. ಕಾಟೇಜಿನಲ್ಲಿ ಎರಡು ಸಂಸಾರ ಗೆಸ್ಟು. ಮುದುಕಿಯ ಮಗಳು ಹಿತ್ತಿಲ ಬಾಗಿಲಿಗೆ ಬಂದಳು. ಅವಳೂ ನಮ್ಮ ತೋಟದಲ್ಲೇ ಕಾಫಿ ಹಣ್ಣು ಕುಯ್ಯುವವಳು.

"ಅವ್ವ ಹೋಗ್ಬುಟ್ಲು ಅಮ್ಮೋರೆ. ಗೇಟು ತೆಗೀರಿ, ಮಧ್ಯಾಹ್ನ ಎತ್ತೀವಿ."

"ಒಂದ್ ನಿಮಿಷ ಇರು" ಅಂದು ಯಜಮಾನರಿಗೆ ಫೋನ್ ಮಾಡಿದೆ.

"ತೆಗೀಬೇಡ" ಅಂದರು. "ಒಂದ್ ಸಲ ತೆಗೆದ್ರೆ ಅದೇ ಹಕ್ಕು ಅಂತ ಕೂತ್ಕೋತಾರೆ. ಗೆಸ್ಟ್ ಬೇರೆ ಇದಾರೆ. ರೋಡ್ ಐತಲ್ಲ?"

"ನಾನು ಮಾತು ಕೊಟ್ಟಿದೀನಿ. ಲಿಂಗ ಮುಟ್ಟಿ."

"ಯಾರನ್ನ ಕೇಳಿ ಕೊಟ್ಟೆ ಮಾರಾಯ್ತಿ?" ಅಂದು ಫೋನ್ ಇಟ್ಟರು. ನಾನು ಹಿತ್ತಿಲಿಗೆ ಬರುವಷ್ಟರಲ್ಲಿ ಮಗಳು ಹೊರಟುಹೋಗಿದ್ದಳು.

ಇನ್ನೊಂದು ಬೀಗದ ಕೈ ದೇವರ ಮನೆಯಲ್ಲಿ, ವಿಭೂತಿ ಗಟ್ಟಿಗಳ ಹಿಂದೆ ಇತ್ತು. ಅದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಬರೆದರೆ ಓದುವವರು ನಂಬುತ್ತೀರಿ, ಶಿವ ನಂಬುವುದಿಲ್ಲ.

ನಾನು ಒಲೆ ಆರಿಸಿದೆ. ಕೊಡ ಬೆಳಗಿ ನೀರು ತುಂಬಿದೆ, ದೀಪಕ್ಕೆ ಎಣ್ಣೆ ಹಾಕಿದೆ. ಒಯ್ದು ಗೇಟಿನ ಒಳಗೆ, ಅತ್ತೆ ಇಡುತ್ತಿದ್ದ ಜಾಗದಲ್ಲೇ ಇಟ್ಟೆ. ಬೀಗ ತೆಗೆಯಲಿಲ್ಲ. ಪದ್ಧತಿ ತಪ್ಪಲಿಲ್ಲ, ಗಂಡನ ಮಾತೂ ತಪ್ಪಲಿಲ್ಲ, ಎರಡೂ ಉಳಿದವು ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮೂರ್ಖತನವೋ ಕಳ್ಳತನವೋ, ನೀವೇ ಹೆಸರಿಡಿ.

ಅವರು ಚಟ್ಟ ಹೊತ್ತುಕೊಂಡು ಗೇಟಿನವರೆಗೂ ಬಂದರು. ನಾನು ಮಾತು ಕೊಟ್ಟಿದ್ದು ಕಾಲೋನಿಗೆಲ್ಲ ಗೊತ್ತಿತ್ತು. ಹಾಗಾಗಿ ತೆಗೆದೇ ತೆಗೆಯುತ್ತಾಳೆ ಅಂದುಕೊಂಡಿದ್ದರು. ಬೀಗ ನೋಡಿ ತಮಟೆ ನಿಂತಿತು. ಮಗಳು ಸರಳುಗಳ ಸಂದಿಯಿಂದ ಕೊಡ ನೋಡಿದಳು, ನನ್ನ ನೋಡಿದಳು.

"ಬಾಯಾರಿದೋರು ಹೊರ್ಗಿದೀವಿ. ನೀರ್ ಯಾರಿಗಿಟ್ರಿ ಅಮ್ಮೋರೆ?"

ಹೊತ್ತವರಲ್ಲಿ ಒಬ್ಬ, "ದೊಡ್ಡಮ್ಮೋರು ಬೈತಿದ್ರು, ಆದ್ರೂ ಬಿಡ್ತಿದ್ರು. ಇವ್ರು ಬಾಯ್ತುಂಬ ಮಾತಾಡ್ಸ್ತಾರೆ" ಅಂದ. ಇನ್ನೊಬ್ಬ ಕಿಸಕ್ಕನೆ ನಕ್ಕ. ಹೆಣದ ಮುಖದ ಮೇಲೆ ಬಿಸಿಲು ಬೀಳುತ್ತಿತ್ತು. ಮಗಳು ಸೆರಗು ಹಿಡಿದು ನೆರಳು ಮಾಡಿದಳು. "ನಡೀರಿ, ಹೊತ್ತಾಯ್ತದೆ" ಅಂದಳು. ತಿರುಗಿ ಹೋದರು. ಆ ದಿನ ಕಾಡಂಚಿನಲ್ಲಿ ಆನೆ ಬರಲಿಲ್ಲ. ಅಷ್ಟು ಮಾತ್ರ ದೇವರು ನಡೆಸಿಕೊಟ್ಟ.

ಮರುದಿನ ಬೆಳಗ್ಗೆ ಗೆಸ್ಟುಗಳಿಗೆ ಅಕ್ಕಿ ರೊಟ್ಟಿ ಬಡಿಸುತ್ತಿದ್ದೆ. ಯಜಮಾನರು ಮಾತಿಗೆ ಕೂತಿದ್ದರು.

"ನಮ್ಮಲ್ಲಿ ಕೆಲಸದೋರು ಸತ್ರೆ ಮನೆ ಯಜಮಾನಿ ಒಲೆ ಹಚ್ಚಲ್ಲ. ನೀರು, ದೀಪ ಇಟ್ಟು ಕಾಯ್ತಾಳೆ. ಇಂಥದ್ದನ್ನ ಉಳಿಸ್ಕೋಬೇಕು ನೋಡಿ. ನಾನು ಅದಕ್ಕೇ ಕನ್ಸರ್ವೇಟಿವ್."

"ಈಗಲೂ ಮಾಡ್ತೀರಾ?" ಅಂದಳು ಗೆಸ್ಟ್ ಹೆಣ್ಣುಮಗಳು.

"ನಿನ್ನೇನೇ ಮಾಡಿದ್ಲು. ಕೇಳಿ ಇವಳನ್ನ."

"ಮಾಡಿದೆ" ಅಂದೆ. ಸುಳ್ಳಲ್ಲವಲ್ಲ.

"ಎಷ್ಟು ಚೆಂದ!" ಅಂದಳು. ಆಮೇಲೆ ಸ್ವಲ್ಪ ಅಳುಕುತ್ತಾ, "ಹೆಣ ಈ ಕಡೇನೇ ಹೋಗ್ತಾವಾ?"

"ಛೆ ಛೆ, ಅದೆಲ್ಲ ನಿಲ್ಲಿಸಿದೀವಿ" ಅಂದರು ಯಜಮಾನರು. ಅವಳು ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.

ಅದೇ ಮಾತನ್ನು ಅವರು ಮಾರನಹಳ್ಳಿಯ ಒಂದು ಸಭೆಯಲ್ಲೂ ಹೇಳಿದರು. ಚಪ್ಪಾಳೆ ಬಿತ್ತು, ಗೆದ್ದರು. ನಾನು ಅವರನ್ನು ದೂರುತ್ತಿಲ್ಲ. ಅತ್ತೆ ಕೆಟ್ಟದ್ದನ್ನೂ ಒಳ್ಳೆಯದನ್ನೂ ಒಟ್ಟಿಗೆ ಉಳಿಸಿಕೊಂಡಿದ್ದರು, ಎರಡಕ್ಕೂ ಮೈ ಬಗ್ಗಿಸಿದ್ದರು. ನಾವಿಬ್ಬರೂ ಮೈಗೆ ನೋವಾಗದಷ್ಟನ್ನು ಮಾತ್ರ ಉಳಿಸಿಕೊಂಡೆವು. ಅವರು ಅದನ್ನು ಹೇಳಿಕೊಂಡು ವೋಟು ಪಡೆದರು, ನಾನು ಅದನ್ನೇ ಭಕ್ತಿ ಅಂದುಕೊಂಡೆ.

ಮುದುಕಿಯ ಮಗಳು ನಮ್ಮ ತೋಟದ ಕೆಲಸ ಬಿಟ್ಟಳು. ಮೊನ್ನೆ ಸಕಲೇಶಪುರದಿಂದ ಬರುವ ಬಸ್ಸಿನಲ್ಲಿ ಕಂಡಳು. ಬಸ್ಸು ಕಿಕ್ಕಿರಿದಿತ್ತು, ನನ್ನ ಎರಡೂ ಕೈಯಲ್ಲಿ ಚೀಲ, ಮಂಡಿ ನೋವು ಬೇರೆ. ಅವಳು ಸರಿದು ಕೂತು ಸೀಟು ತಟ್ಟಿದಳು.

"ಬನ್ನಿ ಅಮ್ಮೋರೆ, ಕೂತ್ಕಳಿ. ನಾವು ಬೀಗ ಹಾಕಕಿಲ್ಲ."

ಸುತ್ತ ಇದ್ದವರಿಗೆಲ್ಲ ಕೇಳಿಸಿತು. ಒಂದಿಬ್ಬರಿಗೆ ಅರ್ಥವೂ ಆಯಿತು, ನಕ್ಕರು. ನಿಂತೇ ಬರಬಹುದಿತ್ತು. ನಾನು ಕೂತೆ. ನಮ್ಮ ಕ್ರಾಸ್ ಬರುವವರೆಗೂ ಅವಳ ಭುಜ ನನ್ನ ಭುಜಕ್ಕೆ ತಾಗುತ್ತಲೇ ಇತ್ತು.