ಬಿಡು ತಮ್ಮಾ

ಅಣ್ಣ ನನಗೆ ಹೇಳಿದ ಕೊನೆಯ ಮಾತು ‘ಬಿಡು ತಮ್ಮಾ’ ಎಂದು ನಾನು ಬಹಳ ವರ್ಷ ನಂಬಿದ್ದೆ. ಹುಬ್ಬಳ್ಳಿ ಉಣಕಲ್ಲಿನ ನಮ್ಮ ಮನೆಯ ಪಡಸಾಲೆ. ಹೊರಗೆ ಜಿಟಿಜಿಟಿ ಮಳೆ. ಟಿವಿಯಲ್ಲಿ ವಿಶ್ವಕಪ್ ಫುಟ್‌ಬಾಲ್, ಕೊರಿಯಾ ತನ್ನ ನೆಲದಲ್ಲೇ ಆಡುತ್ತಿದ್ದ ಕೊನೆಯ ಪಂದ್ಯ. ಅಣ್ಣನ ಕೈಯಲ್ಲಿ ಅರ್ಧ ಕಡಿದ ಕರಿಗಡಬು. ಆಟ ಶುರುವಾದ ಕೂಡಲೇ ಕೊರಿಯಾದ ಡಿಫೆಂಡರ್ ಚೆಂಡು ಕಳೆದುಕೊಂಡ, ಗೋಲಾಯಿತು. ನಾನು ಬೈದಿರಬೇಕು. ಅಣ್ಣ ಟಿವಿಯಿಂದ ಕಣ್ಣು ತೆಗೆಯದೆ ‘ಬಿಡು ತಮ್ಮಾ’ ಎಂದ.

ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ಒಬ್ಬನೇ ಸಾಕ್ಷಿ ಇದ್ದರೆ ನಂಬಬೇಡ, ಆ ಸಾಕ್ಷಿ ನೀನೇ ಆಗಿದ್ದರೆ ಇನ್ನೂ ನಂಬಬೇಡ ಎಂದು ಕಲಿತವನು. ರಾಜರ ಶಾಸನಗಳನ್ನೂ ಅನುಮಾನಿಸುತ್ತೇನೆ. ಈ ಒಂದು ಸಂಜೆಯನ್ನು ಮಾತ್ರ ಅನುಮಾನಿಸಿರಲಿಲ್ಲ.

ಅಣ್ಣ ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ಹುಡುಗರ ಜೊತೆ ಆಡುತ್ತಿದ್ದ. ಸ್ಟಾಪರ್. ಗೋಲಿಯ, ಅಂದರೆ ಗೋಲ್‌ಕೀಪರನ ಮುಂದೆ, ಉಳಿದೆಲ್ಲರ ಹಿಂದೆ ನಿಲ್ಲುವ ಆಟಗಾರನನ್ನು ನಮ್ಮಲ್ಲಿ ಹಾಗೇ ಕರೆಯುತ್ತಿದ್ದರು. ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಅವನ ಹೃದಯದ ಕವಾಟ ಕೆಟ್ಟಿತ್ತು. ಓಡಬಾರದು ಎಂದು ಡಾಕ್ಟರು ಅಪ್ಪನ ಎದುರಿಗೇ ಹೇಳಿದ್ದರು. ಅಂದಿನಿಂದ ಅಪ್ಪ ಅವನ ಬೂಟುಗಳನ್ನು ಅಟ್ಟದ ಮೇಲೆ ಎಸೆಯುವುದು, ಅಣ್ಣ ಇಳಿಸಿಕೊಳ್ಳುವುದು ನಡೆದೇ ಇತ್ತು.

ತೊಂಬತ್ತನಾಲ್ಕರ ವಿಶ್ವಕಪ್ಪಿನಲ್ಲಿ ಅವನಿಗೆ ಕೊರಿಯಾ ತಂಡದ ಒಬ್ಬ ಸ್ಟಾಪರ್ ಸಿಕ್ಕ. ರಾತ್ರಿಯ ಪಂದ್ಯವನ್ನು ಬೆಳಿಗ್ಗೆ ಮತ್ತೆ ತೋರಿಸುತ್ತಿದ್ದರು. ನಾನು ಸಾಲೆಗೆ ಹೊರಟು ನಿಂತಿದ್ದೆ. ಅಣ್ಣ ನನ್ನ ಪಾಟೀಚೀಲ ಹಿಡಿದೆಳೆದು ಕೂಡಿಸಿದ.

“ಅಂವನ್ನ ನೋಡಲೇ. ಓಡಾಕತ್ತಿಲ್ಲ.”

“ಮತ್ತೇನ್ ಮಾಡಾಕತ್ತಾನ?”

“ಚೆಂಡು ಎಲ್ಲಿಗೆ ಬರ್ತೈತೋ ಅಲ್ಲಿ ಮೊದಲ ಹೋಗಿ ನಿಂತಿರ್ತಾನ. ಬಸ್ಸಿನ ಹಿಂದ ಓಡೂದಲ್ಲ. ಮುಂದಿನ ಸ್ಟಾಪಿನ್ಯಾಗ ನಿಂದ್ರೂದು. ಅದಕ್ಕ ಸ್ಟಾಪರ್ ಅಂತಾರ.”

ಆ ಆಟಗಾರನ ಹೆಸರು ನಮ್ಮ ಬಾಯಲ್ಲಿ ತಿರುಗಲಿಲ್ಲ. ಸುತ್ತ ಎಲ್ಲರೂ ಬೆವರಿ ಓಡುವಾಗ ಮನೆಯ ಹಿರಿಯನಂತೆ ಕೈ ಎತ್ತಿ ಅಲ್ಲಿ ನಿಲ್ಲು, ಇಲ್ಲಿ ನಿಲ್ಲು ಎನ್ನುತ್ತಿದ್ದುದರಿಂದ ಅಣ್ಣ ಅವನಿಗೆ ‘ಕೊರಿಯಾ ಕಾಕಾ’ ಎಂದು ಹೆಸರಿಟ್ಟ. ವಯಸ್ಸಿನಲ್ಲಿ ಅವನೇನೂ ಕಾಕಾ ಆಗಿರಲಿಲ್ಲ.

ಆಮೇಲೆ ಅಣ್ಣ ನಿಂತು ಆಡುವುದನ್ನು ಕಲಿತ. ಎದುರಾಳಿಯ ಮುಂದಿನ ಆಟಗಾರ ಯಾವ ಕಾಲಿನವನು, ಒದೆಯುವ ಮೊದಲು ಎಲ್ಲಿ ನೋಡುತ್ತಾನೆ, ಗಾಳಿ ಯಾವ ಕಡೆಗಿದೆ ಎಂದು ಗಮನಿಸುತ್ತಿದ್ದ. ತನ್ನನ್ನು ದಾಟಿದ ಚೆಂಡಿನ ಹಿಂದೆ ಓಡುತ್ತಿರಲಿಲ್ಲ. ಗೋಲಿಗೆ ‘ಬಿಡು’ ಎಂದು ಕೂಗುತ್ತಿದ್ದ. ಚೆಂಡು ಉರುಳುತ್ತ ಕಂಬದ ಪಕ್ಕದಿಂದ ಹೊರಗೆ ಹೋಗುತ್ತಿತ್ತು. ಯಾವಾಗಲೂ ಹೋಗುತ್ತಿತ್ತೇ? ನನ್ನ ನೆನಪಿನಲ್ಲಿ ಯಾವಾಗಲೂ ಹೋಗುತ್ತದೆ.

ಅಪ್ಪನದು ಹತ್ತಿಯ ಅಡತಿ ಅಂಗಡಿ. “ನಾ ಓಡೂದಿಲ್ಲಪ್ಪಾ, ನಿಂತ ಆಡ್ತೇನಿ” ಎಂದು ಅಣ್ಣ ಬೇಡಿಕೊಂಡಾಗ ಅಪ್ಪ, “ನಿಂದ್ರೂದಕ್ಕ ಚೆಂಡ್ಯಾಕ ಬೇಕಲೇ? ನಮ್ಮ ಅಂಗಡಿ ಮುಂದ ಬಂದು ನಿಂದ್ರು, ನಾಕು ಗಿರಾಕಿನರ ಬರ್ತಾರ” ಎಂದರು. ಆದರೂ ಒಂದು ದಿನ ಯಾರಿಗೂ ಹೇಳದೆ ಸ್ಕೂಟರ್ ಮೇಲೆ ಮೈದಾನಕ್ಕೆ ಹೋಗಿ, ಬೇವಿನ ಮರದ ಮರೆಯಲ್ಲಿ ನಿಂತು ಇಡೀ ಆಟ ನೋಡಿ ಬಂದರು. ಊಟಕ್ಕೆ ಕುಳಿತಾಗ ಅವ್ವನಿಗೆ ಹೇಳಿದರು: “ಮಗಾ ಖರೇನ ಓಡೂದಿಲ್ಲ. ಮಂದೀನ ಓಡಿಸ್ತಾನ.” ಆಮೇಲೆ ಬೂಟುಗಳು ಅಟ್ಟ ಏರಲಿಲ್ಲ.

ಕಾಕಾ ತನ್ನ ದೇಶದ ಕ್ಲಬ್ಬಿನಿಂದ ಜಪಾನಿನ ಕ್ಲಬ್ಬಿಗೆ ಹೋದ. ಆ ಸುದ್ದಿ ಪೇಪರಿನ ಮೂಲೆಯಲ್ಲಿ ಬಂದಾಗ ಅಣ್ಣ ನಮ್ಮ ಸೋದರಮಾವನಿಗೆ ಬಡ್ತಿ ಸಿಕ್ಕಂತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದ. ತೊಂಬತ್ತೆಂಟರ ವಿಶ್ವಕಪ್ಪಿನಲ್ಲಿ ಕೊರಿಯಾ ಹೀನಾಯವಾಗಿ ಸೋತಿತು. “ಒಬ್ಬಾಂವ ಎಷ್ಟಂತ ನಿಂದರ್ತಾನಪಾ” ಎಂದು ಅಣ್ಣ ಎರಡು ದಿನ ಮಂಕಾಗಿದ್ದ. ಮುಂದಿನ ವಿಶ್ವಕಪ್ ಕೊರಿಯಾದಲ್ಲೇ ಎಂದು ತಿಳಿದಾಗ ಅವನ ಮುಖ ಅರಳಿತು. ಅಷ್ಟರಲ್ಲಿ ಕಾಕಾಗೆ ವಯಸ್ಸಾಗಿರುತ್ತದೆ ಎಂದೆ. “ವಯಸ್ಸಾಗೂದು ಓಡವ್ರಿಗೆ” ಎಂದ.

ಆ ವಿಶ್ವಕಪ್ಪಿನ ವರ್ಷವೇ, ಎರಡು ಸಾವಿರದ ಎರಡರಲ್ಲಿ, ಅಣ್ಣ ಧಾರವಾಡದಾಚೆಯ ಗರಗಕ್ಕೆ ಒಂದು ಪಂದ್ಯ ಆಡಲು ಹೋದ. ಮರಳಿ ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಮಲಗಿದವನು ಧಾರವಾಡ ಬಂದರೂ ಏಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅವನ ತಂಡದ ಗೋಲಿ ನಮ್ಮ ಕಟ್ಟೆಯ ಮೇಲೆ ಕುಳಿತು ಅಪ್ಪನಿಗೆ ಹೇಳಿದ: “ಚೆಂಡು ಅವನ್ನ ದಾಟಿ ಬಂತ್ರಿ ಕಾಕಾರ. ಯಾವತ್ತಿದ್ರೂ ಬಿಡು ಅಂತಿದ್ದ. ಅವತ್ತ ಅನಲಿಲ್ರಿ. ತಿರುಗಿ ಓಡಿದ.”

ಅಪ್ಪ ಕೇಳಿದರು. “ಸಿಕ್ತೇನು?”

“ಸಿಕ್ತ್ರಿ. ಹೊರಗ ಹೊಡದ.”

ಅಪ್ಪ ತಲೆಯಾಡಿಸಿದರು. ಅಣ್ಣನ ಬಗ್ಗೆ ಅವರು ಮತ್ತೆ ಏನನ್ನೂ ಕೇಳಿದ್ದು ನನಗೆ ಗೊತ್ತಿಲ್ಲ.

ವಿಶ್ವಕಪ್ ಅದೇ ವರ್ಷ. ಸಾವು ಅದೇ ವರ್ಷ. ಯಾವುದು ಮೊದಲು ಎಂದು ನಾನು ನನ್ನನ್ನು ಕೇಳಿಕೊಳ್ಳಲೇ ಇಲ್ಲ. ಪಡಸಾಲೆಯ ಆ ಸಂಜೆ ಅಷ್ಟು ಸ್ಪಷ್ಟವಾಗಿತ್ತು. ಮಾತು, ಮಳೆ, ಕರಿಗಡಬಿನ ಪುಡಿ ಅವನ ಮೀಸೆಗೆ ಅಂಟಿದ್ದು ಕೂಡ.

ಎಷ್ಟೋ ವರ್ಷಗಳ ನಂತರ, ಅಪ್ಪನೂ ಹೋದ ಮೇಲೆ, ಜೂನಿನ ಒಂದು ಕಾರಹುಣ್ಣಿಮೆಯ ದಿನ ಅವ್ವ ಒಲೆಯ ಮುಂದೆ ಕರಿಗಡಬು ಕರಿಯುತ್ತಿದ್ದಳು. ಕೊರಿಯಾ ಕಾಕಾ ಆಟ ಬಿಟ್ಟ ಸುದ್ದಿಯನ್ನು ನಾನು ಎಂದೋ ಓದಿದ್ದೆ, ಅದನ್ನು ಹೇಳುತ್ತ ಆ ಸಂಜೆಯನ್ನೂ ಹೇಳಿದೆ.

ಅವ್ವನ ಕೈ ನಿಂತಿತು. “ಏನಂದಿ? ಅಂವ ಕಡಬು ತಿಂದನ? ಆ ವರ್ಷ?”

“ಹೌದು. ಕುರ್ಚ್ಯಾಗ ಕುಂತು.”

“ಹುಚ್ಚ ಅದೀಯೇನು? ಉಗಾದಿಗೆ ಮೊದಲ ಹೋದ ಅಂವ. ಆ ವರ್ಷ ಈ ಮನ್ಯಾಗ ಒಲಿ ಮ್ಯಾಲೆ ಬಾಣಲಿ ಏರಿಲ್ಲ. ಸತ್ತ ಮನ್ಯಾಗ ಯಾರರ ಎಣ್ಣ್ಯಾಗ ಕರೀತಾರೇನು? ಬಾಜೂ ಮನಿಯವ್ರು ಕೊಟ್ಟ ಕಳಿಸಿದ್ದನ್ನೂ ಯಾರೂ ಮುಟ್ಟಲಿಲ್ಲ.”

ನಾನು ವಾದಿಸಿದೆ. ನಿನಗೇ ಮರೆವು ಎಂದೆ. ಎದ್ದು ಅಡಿಗೆಮನೆಯಲ್ಲೇ ಆಚೆ ಈಚೆ ಓಡಾಡಿದೆ. ಕೊನೆಗೆ ಬಾಣಲೆಯ ಮಾತು ಹಿಡಿದು ಹಿಂದಿನ ವರ್ಷಗಳನ್ನು ಎಣಿಸಿದೆ. ಆ ಕಡಬು ತೊಂಬತ್ತೆಂಟರದು. ಆ ವರ್ಷದ ಕಾರಹುಣ್ಣಿಮೆಯ ಉಳಿದ ಕಡಬು ಮೆಲ್ಲುತ್ತ ಕೊರಿಯಾದ ಸೋಲನ್ನು ನೋಡಿದ ಅಣ್ಣನನ್ನು ಎತ್ತಿ ತಂದು ನಾಲ್ಕು ವರ್ಷ ಆಚೆ ಕೂಡಿಸಿದ್ದೆ. ಇತಿಹಾಸ ಓದಿದ ಇನ್ನೊಬ್ಬರು ಹೀಗೆ ಮಾಡಿದ್ದರೆ ನಕ್ಕುಬಿಡುತ್ತಿದ್ದೆ.

“ಹಂಗಾರ ‘ಬಿಡು ತಮ್ಮಾ’ ಅಂದಾವ್ರು ಯಾರು? ಅದನ್ನ ನಾ ಕೇಳೇನಿ.”

ಅವ್ವ ಕಡಬು ಎತ್ತುವ ಝಾರಿಯನ್ನು ಬಾಣಲೆಯ ಅಂಚಿಗೆ ಒರಗಿಸಿದಳು.

“ನಿಮ್ಮಪ್ಪಾರು.”

ನಮ್ಮ ಕಡೆ ಹಿರಿಯರು ತಮಗಿಂತ ಚಿಕ್ಕವರನ್ನೆಲ್ಲ ತಮ್ಮಾ ಎನ್ನುತ್ತಾರೆ. ಮಗನನ್ನು, ಬಸ್ಸಿನ ಕಂಡಕ್ಟರನನ್ನು, ಹಾದಿ ಕೇಳುವ ಅಪರಿಚಿತನನ್ನು. ನಾನು ಒಬ್ಬನ ತಮ್ಮನಾಗಿದ್ದೆ, ಹಾಗಾಗಿ ಆ ಕರೆ ನನಗೇ ಎಂದುಕೊಂಡಿದ್ದೆ.

“ಅಂಗಡಿ ಬಂದ್ ಮಾಡಿ ಬಂದಿದ್ರು ಅವತ್ತು” ಎಂದಳು ಅವ್ವ. “ಎಂದೂ ಟಿವಿ ಹಚ್ಚದವ್ರು ತಾವ ಹಚ್ಚಿ ಅವನ ಕುರ್ಚ್ಯಾಗ ಕುಂತ್ರು. ಆ ಆಟದಾಗ ಯಾರು ಯಾರಂತನೂ ಅವ್ರಿಗೆ ತಿಳೀತಿದ್ದಿಲ್ಲ. ‘ಇಂವನ ಏನು ಅವನ ಕಾಕಾ?’ ಅಂತ ನನ್ನ ಕೇಳಿದ್ರು. ನನಗೇನ್ ಗೊತ್ತು? ಆಮ್ಯಾಲ ಅಂವ ಚೆಂಡು ಕಳಕೊಂಡು ತಿರುಗಿ ಓಡಾಕ ಹತ್ತಿದ ನೋಡು, ಆವಾಗ ಅಂದ್ರು. ಟಿವಿಗೆ ಅಂದ್ರು. ‘ಬಿಡು ತಮ್ಮಾ, ಓಡಬ್ಯಾಡ’ ಅಂತ.”

ಓಡಬ್ಯಾಡ ಎಂಬುದು ನನ್ನ ನೆನಪಿನಲ್ಲಿ ಇರಲೇ ಇಲ್ಲ.

“ನಾ ಎಲ್ಲಿದ್ದೆ?”

“ಬಾಗಲದಾಗ ನಿಂತಿದ್ದಿ. ಬಾ, ಕುಂದ್ರು ಅಂದೆ. ಬರಲಿಲ್ಲ.”

ಮರುದಿನ ಗ್ರಂಥಾಲಯಕ್ಕೆ ಹೋಗಿ ಹಳೆಯ ಪೇಪರು ತೆಗೆಸಿ ನೋಡಿದೆ. ಅವ್ವ ಹೇಳಿದ್ದೇ ಸರಿ. ಪಂದ್ಯ ಜೂನ್ ಕೊನೆಗೆ, ಆ ವರ್ಷದ ಯುಗಾದಿ ಏಪ್ರಿಲ್‌ನಲ್ಲಿ. ಅಪ್ಪನ ದನಿಯನ್ನು ನಾನು ಅಷ್ಟು ವರ್ಷ ಅಣ್ಣನ ಬಾಯಲ್ಲಿಟ್ಟು ಕೇಳಿದ್ದೆ. ಅಪ್ಪ ಇದ್ದಾಗಲೇ ಗೊತ್ತಾಗಿದ್ದರೆ ಪಕ್ಕದಲ್ಲಿ ಹೋಗಿ ಕೂರುತ್ತಿದ್ದೆನೋ ಏನೋ. ಅದನ್ನೂ ಖಾತ್ರಿಯಾಗಿ ಹೇಳಲಾರೆ.

ಗರಗಕ್ಕೆ ಹೊರಟ ದಿನ ಬೆಳಿಗ್ಗೆ ಅಣ್ಣ ಲೇಸು ಕಟ್ಟಿದ ಬೂಟುಗಳನ್ನು ಹೆಗಲಿಗೆ ಹಾಕಿಕೊಂಡು ನನ್ನ ಕೋಣೆಗೆ ಬಂದಿದ್ದ. ನಾನು ಪರೀಕ್ಷೆಗೆ ಓದುತ್ತಿದ್ದೆ, ತಲೆ ಎತ್ತಲಿಲ್ಲ. ಅವನು ಏನೋ ಹೇಳಿದ. ಹೇಳದೆ ಹೋಗುವವನಲ್ಲ. ಏನು ಹೇಳಿದ ಎಂಬುದು ನನಗೆ ಗೊತ್ತಿಲ್ಲ.